ದೂರದಿಂದ ಮಾತಿನ ಪರೀಕ್ಷೆ

ನಮ್ಮ ಶಾಲೆಗೆ ಬಳ್ಳಾರಿ ಪಟ್ಟಣದಿಂದಲ್ಲದೆ ಸಿರುಗುಪ್ಪ, ಕುರುಗೋಡು ಸೀಮೆಗಳಿಂದಲೂ ಬಾಲಿಕೆಯರು ಬರುತ್ತಾರೆ. ಬರವಣಿಗೆಯಲ್ಲಿ ಜಾಣೆಯಾಗಿದ್ದರೂ ಗಟ್ಟಿಯಾಗಿ ಓದೆಂದೊಡನೆ ಬಾಯಿ ಕಟ್ಟಿದಂತೆ ನಿಲ್ಲುವವರು ಅವರಲ್ಲಿ ಆಗಾಗ್ಗೆ ಇರುವುದುಂಟು. ಅಂಥ ಒಬ್ಬಳನ್ನು ನಾವು ಹಟಮಾರಿಯೆಂದೆಣಿಸಿ ಗದರಿಸಿದೆವು; ಅವಳದು ಉಗ್ಗೆಂಬುದು ತಿಳಿದದ್ದು ಬಹು ತಡವಾಗಿ. ಆ ತಪ್ಪು ಮತ್ತೊಮ್ಮೆ ಆಗಬಾರದೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮಾತಿನ ದೋಷಗಳನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ಇಲ್ಲಿಂದ ಅಲ್ಲಿಗೆ ಸುಮಾರು 400 ಕಿಲೋಮೀಟರ್ ಹಾದಿ. ಭತ್ತದ ನಾಟಿಯ ಕಾಲದಲ್ಲಿ ಕೂಲಿ ಬಿಟ್ಟು ಮಗಳೊಡನೆ ಅಷ್ಟು ದೂರ ಹೋಗಿಬರುವುದು ಬಡ ತಾಯಿಗೆ ಸಾಧ್ಯವೇ? ಆದಕಾರಣ ವಿಡಿಯೋ ಮೂಲಕ ನಡೆಯುವ ಪರೀಕ್ಷೆಯು ಇಂಥವರಿಗೆ ದೊಡ್ಡ ಉಪಕಾರ. 2020ರ ಕೊರೋನಾ ಕಾಲದಲ್ಲಿ ಈ ಪದ್ಧತಿಯು ಲೋಕದಲ್ಲೆಲ್ಲಾ ಬಹಳವಾಗಿ ರೂಢಿಗೆ ಬಂದಿತು.

ಪರೀಕ್ಷಕರು ಮಗುವಿಗೆ ಚಿತ್ರ ತೋರಿಸಿ ಹೆಸರು ಹೇಳಿಸುತ್ತಾರೆ; ಕಥೆ ಹೇಳಿಸುತ್ತಾರೆ; ‘ಪ-ತ-ಕ’ ಎಂದು ಬೇಗಬೇಗನೆ ನುಡಿಸಿ ತುಟಿ ನಾಲಿಗೆಗಳ ಚಲನೆಯನ್ನು ನೋಡುತ್ತಾರೆ. ಆದರೆ ಯಂತ್ರದ ದೋಷವನ್ನು ಮಗುವಿನ ತಲೆಗೆ ಕಟ್ಟುವ ಅಪಾಯವೊಂದುಂಟು. ಸಾಧಾರಣ ಟೆಲಿಫೋನು ಸೆಕೆಂಡಿಗೆ 300ರಿಂದ 3400 ಕಂಪನಗಳ ಧ್ವನಿಯನ್ನು ಮಾತ್ರ ಸಾಗಿಸುವಂಥದು. ಸಕಾರದ ಸೀಟಿಯಂಥ ಧ್ವನಿಯ ಬಹುಭಾಗವು ಅದಕ್ಕೂ ಮೇಲಿನದಾದ್ದರಿಂದ, ಮಗು ಸರಿಯಾಗಿ ನುಡಿದರೂ ಆಲಿಸುವವರಿಗೆ ಅಸ್ಪಷ್ಟವಾಗಬಹುದು. ಇಂಟರ್ನೆಟ್ಟು ಕ್ಷಣಕಾಲ ತಡೆದರೆ ಅದೇ ಉಗ್ಗಿನಂತೆ ತೋರಬಹುದು. ಟಕಾರ, ಳಕಾರಗಳಿಗೆ ನಾಲಿಗೆ ಹಿಂದಕ್ಕೆ ಮಡಿಯುವುದು ತೆರೆಯ ಮೇಲೆ ಕಾಣುವುದೇ ಇಲ್ಲ.

ಇದಕ್ಕೆ ಪರಿಹಾರವು ಮಗುವಿನ ಪಕ್ಕದಲ್ಲಿ ಕುಳಿತವರ ಕೈಯಲ್ಲಿದೆ. ಶಾಲೆಯ ಗಂಟೆ, ಫ್ಯಾನುಗಳ ಸದ್ದಿಲ್ಲದ ಕೋಣೆಯನ್ನು ಆರಿಸಿ, ಬೆಳಕು ಮಗುವಿನ ಮುಖದ ಮೇಲೆ ಬೀಳುವಂತೆ ಕೂಡಿಸಬೇಕು. ಮಾತನ್ನು ಇಲ್ಲಿಯೇ ಬೇರೊಂದು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ತಾಯಿತಂದೆಗಳ ಒಪ್ಪಿಗೆಯಿಂದ ಪರೀಕ್ಷಕರಿಗೆ ಕಳುಹಿಸಬೇಕು; ಆಗ ಯಾವುದು ಯಂತ್ರದ ತಡೆ, ಯಾವುದು ನಾಲಿಗೆಯ ತಡೆ ಎಂದು ಅವರು ತಿಳಿಯಬಲ್ಲರು. ಮಗುವಿಗೆ ಉತ್ತರವನ್ನು ಮಾತ್ರ ಹೇಳಿಕೊಡಲಾಗದು.

ಮನೆಯ ಭಾಷೆಯನ್ನೂ ತಿಳಿಸುವುದು ಅಗತ್ಯ. ಗಡಿಸೀಮೆಯಾದ ನಮ್ಮಲ್ಲಿ ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಆಡುವ ಮಕ್ಕಳು ಅನೇಕರು. ಕನ್ನಡದ ಮನೆಗಳಲ್ಲಿಯೂ ‘ಹಾಲು’ ‘ಆಲು’ ಆಗುವುದು, ‘ಶಾಲೆ’ ‘ಸಾಲೆ’ ಆಗುವುದು ಉಂಟು. ಇದು ಆಡುನುಡಿಯೇ ಹೊರತು ರೋಗವಲ್ಲ. ಕಿವಿಯ ಪರೀಕ್ಷೆಯನ್ನಾದರೋ ಮೊದಲು ಆಸ್ಪತ್ರೆಯಲ್ಲಿಯೇ ಮಾಡಿಸತಕ್ಕದ್ದು. ಯಾಕಂದರೆ ಕೇಳದ ಶಬ್ದವನ್ನು ನುಡಿಯುವುದು ಮಗುವಿಗೆ ಕಷ್ಟ. ಸೀಳಂಗುಳವನ್ನೂ ವೈದ್ಯರು ಎದುರಿಗೇ ನೋಡಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಇಂದು ಹಳ್ಳಿಗಳಲ್ಲಿ ಉಪಾಧ್ಯಾಯಿನಿಯರಾಗಿದ್ದಾರೆ. ತರಗತಿಯಲ್ಲಿ ಬಾಯಿ ಬಿಡದ ಮಗುವನ್ನು ಕಂಡಾಗ ಗದರಿಸುವುದಕ್ಕೆ ಮುಂಚೆ ಅವಳ ಪಕ್ಕದಲ್ಲಿ ಕುಳಿತು ಈ ಪರೀಕ್ಷೆಯನ್ನು ಮಾಡಿಸಿಕೊಡಬೇಕೆಂದು ಅವರನ್ನು ಕೇಳಿಕೊಳ್ಳುತ್ತೇವೆ.