‘ಹದಿನೆಂಟು ಆಗಿಲ್ಲ, ಏನೂ ಮಾಡೋಕಾಗಲ್ಲ’ ಎಂಬ ಮಾತು ಎಷ್ಟು ನಿಜ?

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತರು. ಕಾರು ಓಡಿಸುತ್ತಿದ್ದನೆಂಬ ಆರೋಪ ಹದಿನೇಳರ ಹುಡುಗನೊಬ್ಬನ ಮೇಲೆ ಬಂತು. ಅವನಿಗೆ ಅದೇ ದಿನ ಜಾಮೀನು ಸಿಕ್ಕಿತು. ರಸ್ತೆ ಅಪಘಾತಗಳ ಬಗ್ಗೆ ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಜಾಮೀನಿನ ಷರತ್ತುಗಳಲ್ಲೊಂದು. ‘ಇಬ್ಬರನ್ನು ಕೊಂದರೆ ಪ್ರಬಂಧವೇ ಶಿಕ್ಷೆ’ ಎಂದು ದೇಶವೆಲ್ಲ ಕುದಿಯಿತು. ಕುದಿಯುವಂಥದ್ದೇ. ಆದರೆ ಪ್ರಬಂಧ ಶಿಕ್ಷೆಯಾಗಿರಲಿಲ್ಲ. ವಿಚಾರಣೆ ಆಗಿನ್ನೂ ಶುರುವಾಗಿರಲೇ ಇಲ್ಲ. ಬಾಲನ್ಯಾಯದ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳಲ್ಲಿ ಇಂಥ ಗೊಂದಲ ತುಂಬಾ ಇದೆ.

‘ಮೈನರ್ ಆದರೆ ಶಿಕ್ಷೆಯೇ ಇಲ್ಲ’

ಏಳು ವರ್ಷ ತುಂಬದ ಮಗು ಏನು ಮಾಡಿದರೂ ಅದು ಅಪರಾಧವಲ್ಲ, ನಿಜ. ಏಳರಿಂದ ಹನ್ನೆರಡರೊಳಗಿನ ಮಗುವಿಗೆ ತಾನು ಮಾಡಿದ್ದು ಏನೆಂದು ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕು. ಅಲ್ಲಿಂದ ಮುಂದಿನ ಮಕ್ಕಳೆಲ್ಲ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಲೇಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಬುದ್ಧಿ ಹೇಳಿ ಕಳಿಸುವುದರಿಂದ ಹಿಡಿದು ವಿಶೇಷ ಗೃಹದಲ್ಲಿ ಮೂರು ವರ್ಷ ಇರಿಸುವವರೆಗೆ ಅದು ಆದೇಶ ಕೊಡಬಹುದು.

2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಕಾನೂನು ಇನ್ನೂ ಬಿಗಿಯಾಯಿತು. 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನಾರು ತುಂಬಿದವರು ‘ಘೋರ ಅಪರಾಧ’ ಎಸಗಿದ ಆರೋಪವಿದ್ದರೆ ಮಂಡಳಿ ಮೊದಲು ಅವರ ಮಾನಸಿಕ, ದೈಹಿಕ ಸಾಮರ್ಥ್ಯವನ್ನು ಅಳೆದು, ಅಗತ್ಯ ಕಂಡರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಅಲ್ಲಿ ವಯಸ್ಕರಂತೆಯೇ ವಿಚಾರಣೆ ನಡೆಯಬಹುದು. ಇಪ್ಪತ್ತೊಂದು ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿಟ್ಟು, ಸುಧಾರಣೆ ಕಾಣದಿದ್ದರೆ ಉಳಿದ ಅವಧಿಗೆ ಜೈಲಿಗೂ ಕಳಿಸಬಹುದು. ಮರಣದಂಡನೆ ಮತ್ತು ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿ ಮಾತ್ರ ಇಲ್ಲ.

ಹಾಗಾದರೆ ಪುಣೆಯ ಹುಡುಗನನ್ನು ಯಾಕೆ ಹಾಗೆ ವಿಚಾರಿಸಲಿಲ್ಲ? ಪೊಲೀಸರು ಕೇಳಿದ್ದರು. 2025ರ ಜುಲೈನಲ್ಲಿ ಮಂಡಳಿ ಒಪ್ಪಲಿಲ್ಲ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಇದ್ದರೆ ಮಾತ್ರ ಕಾಯ್ದೆಯ ಲೆಕ್ಕದಲ್ಲಿ ಅಪರಾಧ ‘ಘೋರ’. ಕೊಲೆಯಲ್ಲದ ಮಾನವ ಹತ್ಯೆಗೆ ಗರಿಷ್ಠ ಶಿಕ್ಷೆ ದೊಡ್ಡದಿದ್ದರೂ ಅಂಥ ಕನಿಷ್ಠ ಮಿತಿ ಇಲ್ಲ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2020ರಲ್ಲೇ ಸ್ಪಷ್ಟಪಡಿಸಿತ್ತು, 2021ರ ತಿದ್ದುಪಡಿ ಅದನ್ನು ಕಾಯ್ದೆಯೊಳಗೇ ಸೇರಿಸಿತು.

ಇದೇ ಅಳತೆಗೋಲನ್ನು ಈಗ ನಮ್ಮ ಊರಿಗೆ ತನ್ನಿ. ಪಿಯುಸಿ ಓದುವ ಹದಿನೇಳರ ಹುಡುಗ, ಅದೇ ಕಾಲೇಜಿನ ಹದಿನಾರರ ಹುಡುಗಿ ಪ್ರೀತಿಸಿ ಮನೆ ಬಿಟ್ಟು ಹೋಗುತ್ತಾರೆ. ಹುಡುಗಿಯ ಮನೆಯವರು ದೂರು ಕೊಡುತ್ತಾರೆ. ಇಬ್ಬರ ನಡುವೆ ದೈಹಿಕ ಸಂಬಂಧ ನಡೆದಿದ್ದರೆ ಅದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಪ್ರಕರಣ, ಕನಿಷ್ಠ ಶಿಕ್ಷೆ ಹತ್ತು ವರ್ಷ. ಅಂದರೆ ಘೋರ ಅಪರಾಧ. ಹುಡುಗಿ ತಾನೇ ಇಷ್ಟಪಟ್ಟು ಹೋದೆ ಎಂದರೂ ಕಾನೂನಿನ ಕಣ್ಣಿಗೆ ಅವಳ ಒಪ್ಪಿಗೆ ಒಪ್ಪಿಗೆಯಲ್ಲ. ಹೀಗೆ ಇಬ್ಬರ ಸಾವಿನ ಆರೋಪ ಹೊತ್ತವನು ಮಂಡಳಿಯಲ್ಲೇ ಉಳಿದರೆ, ಪ್ರೀತಿಸಿ ಓಡಿಹೋದವನನ್ನು ವಯಸ್ಕನಂತೆ ವಿಚಾರಿಸಬೇಕೇ ಎಂಬ ಪ್ರಶ್ನೆ ಏಳುತ್ತದೆ. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥ ಪ್ರಕರಣಗಳನ್ನು ಕಂಡೇ ಒಪ್ಪಿಗೆಯ ವಯಸ್ಸನ್ನು ಮರುಚಿಂತಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗ ಕೊಟ್ಟ ಉತ್ತರ: ವಯಸ್ಸು ಹದಿನೆಂಟೇ ಇರಲಿ, ಹದಿನಾರರಿಂದ ಹದಿನೆಂಟರವರ ಪ್ರಕರಣಗಳಲ್ಲಿ ಶಿಕ್ಷೆಯ ವಿಷಯದಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ. ಅದು ಶಿಫಾರಸು ಅಷ್ಟೇ. ಬಾಲಾಪರಾಧಿ ಎನ್ನುವ ವಯಸ್ಸು ಇಳಿಸಿ, ಕಾನೂನು ಬಿಗಿ ಮಾಡಿ ಎಂದು ಕೂಗುವವರು ಆ ಬಿಗಿ ಯಾರ ಕುತ್ತಿಗೆಗೆ ಬೀಳುತ್ತದೆ ಎಂದು ಒಮ್ಮೆ ನೋಡುವುದು ಒಳ್ಳೆಯದು.

‘ಈಗ ಅಪರಾಧ ಮಾಡೋರೆಲ್ಲ ಈ ಹುಡುಗರೇ’

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿ ನೋಡಿ. ದೇಶದಲ್ಲಿ ಆ ವರ್ಷ ದಾಖಲಾದ ಪ್ರಕರಣಗಳು ಸುಮಾರು 58 ಲಕ್ಷ. ಅವುಗಳಲ್ಲಿ ಮಕ್ಕಳ ಮೇಲೆ ಆರೋಪ ಬಂದವು ಸುಮಾರು 30 ಸಾವಿರ, ಅಂದರೆ ನೂರಕ್ಕೆ ಅರ್ಧ. ಅದೇ ವರ್ಷ ಮಕ್ಕಳ ವಿರುದ್ಧ ನಡೆದ ಅಪರಾಧಗಳು 1.62 ಲಕ್ಷ. ಟಿವಿಯಲ್ಲಿ ದಿನವಿಡೀ ಚರ್ಚೆಯಾಗುವುದು ಮೊದಲಿನದು.

‘ಠಾಣೆಯಲ್ಲಿ ಒಂದು ರಾತ್ರಿ ಕೂರಿಸಿ ನಾಲ್ಕು ಬಿಗಿದರೆ ಬುದ್ಧಿ ಬರುತ್ತೆ’

ಇದನ್ನು ಪೊಲೀಸರಿಗಿಂತ ಹೆಚ್ಚಾಗಿ ಊರಿನ ಹಿರಿಯರೇ ಹೇಳುತ್ತಾರೆ. ಮಗುವನ್ನು ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಹಾಕುವಂತಿಲ್ಲ. ಬೇಡಿ ತೊಡಿಸುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಗುವಿನೊಂದಿಗೆ ವ್ಯವಹರಿಸುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಘೋರ ಅಪರಾಧ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಅಪರಾಧ ಆಗಿದ್ದರೆ ಮಾತ್ರ ಎಫ್‌ಐಆರ್. ಮೊಬೈಲ್ ಕದ್ದಂಥ ಪ್ರಕರಣಗಳಲ್ಲಿ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆ, ಶಾಲೆ, ಸಹವಾಸಗಳ ಬಗ್ಗೆ ಸಾಮಾಜಿಕ ಹಿನ್ನೆಲೆಯ ವರದಿ ಕೊಟ್ಟರೆ ಸಾಕು. ಜಾಮೀನು ಕೊಡುವುದು ಇಲ್ಲಿ ನಿಯಮ, ನಿರಾಕರಿಸಲು ಕಾರಣ ಬರೆಯಬೇಕು.

ಎಲ್ಲಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ವಯಸ್ಸು. ‘ನೋಡಿದರೆ ಇಪ್ಪತ್ತರ ಹಾಗಿದ್ದಾನೆ’ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯ್ತಿಯದೋ ನಗರಸಭೆಯದೋ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮೂಳೆ ಪರೀಕ್ಷೆ. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ನೋಡಬೇಕಾದದ್ದು ಹಿಡಿದ ದಿನದ ವಯಸ್ಸನ್ನಲ್ಲ, ಘಟನೆ ನಡೆದ ದಿನದ್ದನ್ನು.

ಇದರಲ್ಲಿ ಎಡವಿದರೆ ಏನಾಗುತ್ತದೆಂಬುದಕ್ಕೂ ಪುಣೆಯದೇ ಉದಾಹರಣೆಯಿದೆ. 1994ರಲ್ಲಿ ಅಲ್ಲಿ ಒಂದೇ ಮನೆಯಲ್ಲಿ ಏಳು ಜನರ ಕೊಲೆಯಾಯಿತು. ಮರಣದಂಡನೆಗೆ ಗುರಿಯಾದವರಲ್ಲಿ ಒಬ್ಬನಿಗೆ ಆಗ ಹನ್ನೆರಡೂವರೆ ವರ್ಷ ಎಂದು ಶಾಲೆಯ ದಾಖಲೆ ಹೇಳುತ್ತಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿ ಅವನನ್ನು ಬಿಡುಗಡೆ ಮಾಡಿದ್ದು 2023ರ ಮಾರ್ಚಿನಲ್ಲಿ. ಅಷ್ಟರಲ್ಲಿ ಅವನು ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿ ಕಳೆದಿದ್ದ. ಅಂಥ ಪ್ರಕರಣಕ್ಕೆ ಕಾನೂನು ಕೊಡಬಹುದಾಗಿದ್ದ ಗರಿಷ್ಠ ಅವಧಿ ಮೂರು ವರ್ಷ.

‘ಒಮ್ಮೆ ಕೇಸಾದರೆ ಹುಡುಗನ ಬಾಳು ಮುಗೀತು’

ಮುಗಿಯಬಾರದೆಂದೇ ಕಾಯ್ದೆ ದಾಖಲೆಯನ್ನು ನಾಶಪಡಿಸಲು ಹೇಳುತ್ತದೆ. ಮುಂದೆ ಕೆಲಸಕ್ಕೋ ಓದಿಗೋ ಆ ಪ್ರಕರಣ ಅಡ್ಡಿಯಾಗಬಾರದು. ವಯಸ್ಕರಂತೆ ವಿಚಾರಣೆಯಾಗಿ ತಪ್ಪು ಸಾಬೀತಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ಮಗುವಿನ ಹೆಸರು, ಶಾಲೆ, ಫೋಟೊ ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ವಾಟ್ಸಾಪ್ ಗುಂಪಿಗೆ ಫೋಟೊ ದಾಟಿಸುವವರು ಇದನ್ನು ಗಮನಿಸಲಿ.

‘ಇದು ತಪ್ಪು ಮಾಡಿದ ಮಕ್ಕಳ ಕಾನೂನು’

ಅರ್ಧ ಮಾತ್ರ. ಹೋಟೆಲಿನಲ್ಲಿ ಲೋಟ ತೊಳೆಯುವ ಮಗು, ಬಸ್ ನಿಲ್ದಾಣದಲ್ಲಿ ಸಿಕ್ಕ ಮಗು, ಬಾಲ್ಯವಿವಾಹದ ಹೊಸ್ತಿಲಲ್ಲಿರುವ ಹುಡುಗಿ ಎಲ್ಲರೂ ಇದೇ ಕಾಯ್ದೆಯಡಿ ಬರುತ್ತಾರೆ. ಅವರ ವಿಷಯ ನೋಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ‘ರಿಮ್ಯಾಂಡ್ ಹೋಮ್’ ಎಂದು ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯುತ್ತೇವೆ. ರಕ್ಷಣೆ ಬೇಕಾದ ಮಕ್ಕಳಿರುವ ಬಾಲಮಂದಿರ ಬೇರೆ, ಅಪರಾಧದ ಆರೋಪ ಹೊತ್ತ ಮಕ್ಕಳಿರುವ ವೀಕ್ಷಣಾಲಯ ಬೇರೆ.

ದೊಡ್ಡವರೂ ಇದರಿಂದ ಹೊರಗಿಲ್ಲ. ‘ಮಗನಿಗೆ ಬೈಕ್ ಕೊಟ್ಟರೆ ದಂಡ ಕಟ್ಟಿದರಾಯಿತು’ ಎನ್ನುವ ಅಪ್ಪಂದಿರು 2019ರ ಮೋಟಾರು ವಾಹನ ತಿದ್ದುಪಡಿಯನ್ನು ಓದಬೇಕು. ಹುಡುಗ ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ಜೊತೆಗೆ 25 ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ನನ್ನ ಮಟ್ಟಿಗೆ ಈ ಕಾನೂನಿನ ಕೊರತೆ ಅದರ ಮೃದುತ್ವವಲ್ಲ, ಅದನ್ನು ನಡೆಸಬೇಕಾದವರ ಖಾಲಿ ಕುರ್ಚಿಗಳು. ಮಂಡಳಿ, ಸಮಿತಿ, ಮಕ್ಕಳ ಹಕ್ಕುಗಳ ಆಯೋಗಗಳ ಹುದ್ದೆಗಳನ್ನು ತುಂಬಿ ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು.

ನಿಮ್ಮ ಬೀದಿಯ ಹುಡುಗನೊಬ್ಬನನ್ನು ಠಾಣೆಗೆ ಕರೆದೊಯ್ದರೆಂದು ತಿಳಿದರೆ ಅವನ ಶಾಲೆಯ ದಾಖಲೆ ಹಿಡಿದುಕೊಂಡು ಹೋಗಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರೆಂದು ಕೇಳಿ. ವಕೀಲರಿಗೆ ದುಡ್ಡಿಲ್ಲವೆಂದು ಹಿಂಜರಿಯಬೇಡಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಗು ಯಾವುದೇ ಅಪಾಯದಲ್ಲಿದ್ದರೂ ಕರೆ ಮಾಡಬೇಕಾದ ಸಂಖ್ಯೆ 1098.