ಬೆತ್ತ ಹೋದ ಜಾಗಕ್ಕೆ ಬಂದವರು ಯಾರು?

ಬೆಟ್ಟದಪುರ: ಜೂನ್ ಬಂತೆಂದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಾಸ್ಟೆಲುಗಳ ಬಾಗಿಲಲ್ಲಿ ಒಂದೇ ಮಾತು. ಟ್ರಂಕು ಇಳಿಸಿದ ಅಪ್ಪ ವಾರ್ಡನ್ ಸಾಹೇಬರಿಗೆ ಕೈಮುಗಿದು, 'ನಾಕು ಬಾರ್ಸಿ ಸಾ, ಬುದ್ಧಿ ಬರ್ಲಿ, ನಮ್ದೇನೂ ಅಡ್ಡಿಯಿಲ್ಲ' ಅಂತಾನೆ. ವಾರ್ಡನ್ ನಕ್ಕು, 'ಅಯ್ಯೋ, ಈಗ ಮುಟ್ಟೋ ಹಾಗಿಲ್ಲ ಕಣಪ್ಪ' ಅಂತಾರೆ.

ಇಬ್ಬರ ಮಾತೂ ಅಲ್ಲಿಗೆ ಮುಗಿಯಿತು. ಹುಡುಗ ಮಾತ್ರ ಒಳಗೆ ಉಳಿದ.

ಮುಟ್ಟುವ ಹಾಗಿಲ್ಲ ಎಂಬುದು ನಿಜ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಯಲ್ಲಿದೆ. ಬೆತ್ತ ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಆ ಜಾಗಕ್ಕೆ ಏನು ಬಂತು? ಕಾಂಪೌಂಡ್ ಹಾರುವುದು, ಗುಟ್ಕಾ, ಹೊದಿಕೆಯೊಳಗೆ ಮೊಬೈಲು, ಓದುವ ಹೊತ್ತಿನಲ್ಲಿ ಹೊಡೆದಾಟ. ಇವನ್ನೆಲ್ಲ ತಡೆಯೋರು ಯಾರು? ಊರಿನವರ ಉತ್ತರ ಸಿದ್ಧವಾಗಿದೆ: 'ಈಗಿನ ಹೈಕಳು ಕೆಟ್ಟೋದ್ವು.'

ಹೈಕಳನ್ನು ದೂರುವುದು ಸುಲಭ. ಸ್ವಲ್ಪ ಒಳಗೆ ಇಣುಕಿ ನೋಡಿದರೆ ಲೆಕ್ಕ ಬೇರೆ ಇದೆ.

ಹಾಸ್ಟೆಲ್ ಈ ಸೀಮೆಗೆ ಹೊಸದಲ್ಲ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಹಿಂದುಳಿದ ವರ್ಗಗಳ ಮಕ್ಕಳಿಗೆ ಹಾಸ್ಟೆಲುಗಳು ಹೆಚ್ಚಿದವು. ಆಮೇಲೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವು: ಆರರಿಂದ ಹತ್ತನೇ ತರಗತಿ, ತರಗತಿಗೆ 50ರಂತೆ 250 ಮಕ್ಕಳು. ಕಾಡಂಚಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಮಕ್ಕಳಿಗೆ ಆಶ್ರಮ ಶಾಲೆಗಳು ಬೇರೆ.

ಮೂರನ್ನೂ ಒಂದೇ ತಕ್ಕಡಿಗೆ ಹಾಕಿ ರಿಸಲ್ಟು ತೂಗುವುದು ನ್ಯಾಯವಲ್ಲ. ಮೊರಾರ್ಜಿ ಶಾಲೆಗೆ ಮಕ್ಕಳು ಪ್ರವೇಶ ಪರೀಕ್ಷೆ ಬರೆದು, ಆಯ್ಕೆಯಾಗಿ ಬರುತ್ತಾರೆ. ಮೇಷ್ಟ್ರು, ಊಟ, ಪಾಠ ಎಲ್ಲ ಒಂದೇ ಆವರಣದಲ್ಲಿ. ಹಾಸ್ಟೆಲ್ ಹುಡುಗ ಹಗಲು ಊರಿನ ಹೈಸ್ಕೂಲಿಗೆ ಹೋಗಿ ಸಂಜೆ ಹಾಸ್ಟೆಲಿಗೆ ಬರುತ್ತಾನೆ. ಶಾಲೆಯವರಿಗೆ ಅವನು 'ಹಾಸ್ಟೆಲ್ ಹುಡುಗ', ಹಾಸ್ಟೆಲಿನವರಿಗೆ 'ಶಾಲೆ ಹುಡುಗ'. ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ಅವನು ಯಾರ ಹುಡುಗ? ವಾರ್ಡನ್ ಊರಲ್ಲೇ ಇರದಿದ್ದರೆ ಉಳಿಯುವುದು ಅಡುಗೆಯವರು, ಕಾವಲುಗಾರ. ಶಿಸ್ತು ಕೆಡುವುದು ಆ ಮೂರು ಗಂಟೆಯಲ್ಲೇ, ಓದು ಕೆಡುವುದೂ ಆಗಲೇ.

ಇನ್ನು ಗೈರುಹಾಜರಿ. ಇದು ಹೊಗೆಸೊಪ್ಪಿನ ಸೀಮೆ. ಶಾಲೆ ಶುರುವಾಗಿ ಪಾಠ ಕುದುರುವ ಜುಲೈ, ಆಗಸ್ಟ್‌ನಲ್ಲೇ ಸೊಪ್ಪು ಮುರಿಯುವ ಕೆಲಸ, ಬ್ಯಾರನ್ನಿಗೆ ಬೆಂಕಿ. ಹಬ್ಬಕ್ಕೆ ಅಂತ ಊರಿಗೆ ಹೋದ ಹುಡುಗ ಕೈಯಾಳಾಗಿ ಅಲ್ಲೇ ನಿಲ್ಲುತ್ತಾನೆ. ಹಾಡಿಯ ಕತೆ ಇನ್ನೂ ಕಷ್ಟ. ಡಿಸೆಂಬರ್‌ನಿಂದ ಕೊಡಗಿನಲ್ಲಿ ಕಾಫಿ ಕೊಯ್ಲು, ಅಪ್ಪ ಅವ್ವ ತೋಟಕ್ಕೆ ಹೊರಟರೆ ಮಕ್ಕಳೂ ಹಿಂದೆಯೇ. ಎಸ್.ಎಸ್.ಎಲ್.ಸಿ. ಪರೀಕ್ಷೆ ಮಾರ್ಚ್‌ನಲ್ಲಿ! ಹಾಜರಿ ಪುಸ್ತಕದಲ್ಲಿ ಇದೆಲ್ಲ 'ಅಶಿಸ್ತು'. ಮನೆಯಲ್ಲಿ ಇದರ ಹೆಸರು ಹೊಟ್ಟೆಪಾಡು.

ದೊಡ್ಡವರ ಶಿಸ್ತಿನ ಬಣ್ಣ 2024ರಲ್ಲಿ ಬಯಲಾಯಿತು. ಪರೀಕ್ಷಾ ಕೊಠಡಿಗೆ ಕ್ಯಾಮರಾ ಬಂತು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ವರ್ಷಗಟ್ಟಲೆ ಕಾಪಿ ಹೊಡೆಸಿದ ಕೈಗಳು ಹುಡುಗರವೇ?

ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ ಶಿಸ್ತು ಅನ್ನುವವರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಯಲುವಹಳ್ಳಿಯನ್ನು ನೆನೆಯಬೇಕು. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ವಸತಿ ಶಾಲೆಯ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಮಕ್ಕಳು ಎದುರಾಡದೆ ಇಳಿದಿದ್ದರು. ಎರಡು ತಿಂಗಳಲ್ಲಿ, ವಸತಿ ಶಾಲೆಗಳ ಬಾಗಿಲ ಬರಹದಲ್ಲಿ ಕೈಮುಗಿಯುವ ಮಾತು ಹೋಗಿ ಧೈರ್ಯವಾಗಿ ಪ್ರಶ್ನೆ ಕೇಳುವ ಮಾತು ಬಂದಿದ್ದಕ್ಕೆ ವಿಧಾನಮಂಡಲದಲ್ಲೇ ಗದ್ದಲವಾಯಿತು. ಬೋರ್ಡಿನ ಬಗ್ಗೆ ಆದ ಚರ್ಚೆಯ ಕಾಲುಪಾಲು ಗುಂಡಿಯ ಬಗ್ಗೆ ಆಗಿದ್ದರೆ ಚೆನ್ನಾಗಿತ್ತು.

ದಾರಿ ಇಲ್ಲವೆಂದಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನವರು 1988ರಲ್ಲಿ ಗಿರಿಜನ ಮಕ್ಕಳಿಗೆ ದನದ ಕೊಟ್ಟಿಗೆಯಲ್ಲಿ ಶಾಲೆ ತೆರೆದರು. ಅದೇ ಮುಂದೆ ಹೊಸಹಳ್ಳಿಯ ವಸತಿ ಶಾಲೆಯಾಗಿ ಬೆಳೆಯಿತು. ಕಟ್ಟಡ ಆಮೇಲೆ ಬಂತು, ಜನ ಮೊದಲು ಬಂದರು.

ಇಲ್ಲಿ ಬೇಕಾಗಿರುವುದೂ ಅಷ್ಟೇ. ವಾರ್ಡನ್ ಹಾಸ್ಟೆಲಿನಲ್ಲೇ ಇರಲಿ, ಮಕ್ಕಳ ಸಾಲಿನಲ್ಲೇ ಕೂತು ಉಣ್ಣಲಿ. ಸಂಜೆ ಪಾಠಕ್ಕೆ ಹೈಸ್ಕೂಲಿನ ಒಬ್ಬರು ಮೇಷ್ಟ್ರು ಸರದಿಯಲ್ಲಿ ಬರಲಿ, ಅವರಿಗೆ ಸರ್ಕಾರ ಭತ್ಯೆ ಕೊಡಲಿ. ರಜ ಮುಗಿದು ಮೂರು ದಿನವಾದರೂ ಬಾರದ ಮಗುವಿನ ಮನೆಗೆ ಒಬ್ಬರು ಹೋಗಿ ಬರಲಿ. ಅಪ್ಪಂದಿರೂ 'ನಾಕು ಬಾರ್ಸಿ' ಅನ್ನುವ ಬದಲು ಸೊಪ್ಪಿನ ಕಾಲದಲ್ಲಿ ಮಗನನ್ನು ಹೊತ್ತಿಗೆ ಸರಿಯಾಗಿ ಬಸ್ಸು ಹತ್ತಿಸಲಿ.

ಇದಕ್ಕೆ ಬೆತ್ತವೂ ಬೇಡ, ದೊಡ್ಡ ಬಜೆಟ್ಟೂ ಬೇಡ. ಮನಸ್ಸಿದ್ದರೆ ಸಾಕು. ಸಂಬಂಧಪಟ್ಟ ಇಲಾಖೆಯವರು ಒಂದು ರಾತ್ರಿ ಎಂಟು ಗಂಟೆಗೆ, ಮೊದಲೇ ಫೋನ್ ಮಾಡದೆ, ಯಾವುದಾದರೂ ಒಂದು ಹಾಸ್ಟೆಲಿಗೆ ಹೋಗಿ ನೋಡುವರೇ?