ಅರ್ಜಿ ಆಹ್ವಾನ: ಊರೊಳಗೇ ಇರುವ ವಿದ್ಯಾರ್ಥಿವೇತನ

ಜೂನ್ ಕಾಲಿಟ್ಟಿತೆಂದರೆ ದಿನಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ‘ಪ್ರತಿಭಾ ಪುರಸ್ಕಾರಕ್ಕೆ ಅರ್ಜಿ ಆಹ್ವಾನ’ ಎಂಬ ತಲೆಬರಹ, ಕೆಳಗೆ ನಾಲ್ಕೇ ಸಾಲು. ಕೊಡುವವರು ಒಂದು ಪತ್ತಿನ ಸಹಕಾರ ಸಂಘ, ಇಲ್ಲವೇ ಒಂದು ಸಮಾಜದ ವಿದ್ಯಾವರ್ಧಕ ಸಂಘ, ಇಲ್ಲವೇ ತೀರಿಕೊಂಡ ಮೇಷ್ಟ್ರೊಬ್ಬರ ಹೆಸರಿನಲ್ಲಿ ಮಕ್ಕಳು ಇಟ್ಟ ದತ್ತಿನಿಧಿ. ಅಂಕಪಟ್ಟಿಯ ನಕಲು, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ಇಷ್ಟನ್ನು ಇಂಥ ದಿನದೊಳಗೆ ಕಚೇರಿಗೆ ತಲುಪಿಸಬೇಕು. ಮರುದಿನ ಆ ಪುಟ ಹಳೆಯ ಪೇಪರಿನ ಕಟ್ಟು ಸೇರಿರುತ್ತದೆ. ಯಾರಿಗೆ ಬೇಕಿತ್ತೋ ಅವರ ಮನೆಗೆ ಬಹುತೇಕ ಪತ್ರಿಕೆಯೇ ಬರುವುದಿಲ್ಲ.

ನಾನು ಪಿಯುಸಿ ಮುಗಿಸಿದ ವರ್ಷ ಅಂಥದೊಂದು ಸುದ್ದಿ ನಮ್ಮ ಮನೆಗೆ ಬಂದದ್ದು ಹಾಲಿನ ಡೇರಿಯಿಂದ. ಬೆಳಿಗ್ಗೆ ಹಾಲು ಹಾಕಲು ಹೋದ ಅವ್ವನಿಗೆ ಡೇರಿ ಕಾರ್ಯದರ್ಶಿ, “ಅಕ್ಕಾ, ನಿಮ್ಮ ಹುಡುಗ ಪಾಸಾದ್ನಂತಲ್ಲ, ಮಾರ್ಕ್ಸ್ ಕಾರ್ಡು ಕೊಟ್ಟು ಕಳ್ಸಿ, ಸಂಘದಿಂದ ಕೊಡೋದೈತೆ” ಅಂದರು. ಬಂದದ್ದು ಐನೂರು ರೂಪಾಯಿ. ಬಿಎ ಮೊದಲ ವರ್ಷದ ಪುಸ್ತಕ, ಬಸ್ ಪಾಸು ಎರಡೂ ಅದರಲ್ಲೇ ಆದವು. ಅದೇ ವರ್ಷ ಅದರ ಹತ್ತುಪಟ್ಟು ಮೊತ್ತದ ಇನ್ನೊಂದು ವಿದ್ಯಾರ್ಥಿವೇತನ ಕೈತಪ್ಪಿತು. ಆದಾಯ ಪತ್ರಕ್ಕಾಗಿ ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಪತ್ರ ಕೈಗೆ ಬಂದಾಗ ಅರ್ಜಿಯ ಕೊನೆಯ ದಿನ ಕಳೆದು ಎರಡು ದಿನವಾಗಿತ್ತು. ಇವೆರಡೂ ನನಗೆ ಇಂದಿಗೂ ಒಟ್ಟಿಗೇ ನೆನಪಾಗುತ್ತವೆ.

ಊರೇ ಮುಂದೆ ನಿಂತು ಮಕ್ಕಳನ್ನು ಓದಿಸುವುದು ನಮ್ಮಲ್ಲಿ ಹೊಸದಲ್ಲ. ಅಜ್ಜಂದಿರ ಕಾಲದಲ್ಲಿ ಪೇಟೆಗೆ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಹೈಸ್ಕೂಲು ಮುಗಿಸುತ್ತಿದ್ದ. ಆ ಅನ್ನದ ಜೊತೆ ಕೆಲವು ಕಡೆ ಅವಮಾನವನ್ನೂ ನುಂಗಬೇಕಿತ್ತು, ಎಲ್ಲ ಜಾತಿಯ ಹುಡುಗರಿಗೂ ಆ ಬಾಗಿಲು ತೆರೆದಿರಲಿಲ್ಲ ಎಂಬುದನ್ನು ಮರೆಯಬಾರದು. ಇದರ ಜೊತೆಜೊತೆಗೆ ಸಂಘಗಳೂ ಬಂದವು. ಓದುವ ಹುಡುಗರಿಗೆ ನೆರವಾಗಲೆಂದು ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪ, ಅರಟಾಳ ರುದ್ರಗೌಡ ಮೊದಲಾದವರು 1883ರಲ್ಲೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಟ್ಟಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಂದೊಂದು ಸಮಾಜವೂ ತನ್ನ ಸಂಘ, ತನ್ನ ವಿದ್ಯಾರ್ಥಿನಿಲಯ ಕಟ್ಟಿಕೊಂಡಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಂತೂ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಸಿಕ್ಕಿತು, ಸಿಗುತ್ತಲೂ ಇದೆ.

ಈಗಿನ ಕಾಲದಲ್ಲಿ ಈ ಕೆಲಸ ಹೇಗೆ ನಡೆಯಬೇಕೆಂದು ಯಾರಾದರೂ ಕೇಳಿದರೆ ನಾನು ಉಡುಪಿಯ ಕಡೆ ಕೈ ತೋರಿಸುತ್ತೇನೆ. ಅಲ್ಲಿನ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು ಆಟದ ಮೇಲಿನ ಪ್ರೀತಿಯಿಂದ. ಕಲಾವಿದರ ಕಷ್ಟಸುಖಕ್ಕೆ ನಿಂತ ಸಂಸ್ಥೆ ಅದು. 2005ರಲ್ಲಿ ‘ವಿದ್ಯಾಪೋಷಕ್’ ಎಂಬ ಯೋಜನೆ ಶುರುಮಾಡಿ, ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಮಕ್ಕಳ ಮುಂದಿನ ಓದನ್ನೂ ಹೆಗಲಿಗೇರಿಸಿಕೊಂಡಿತು. ಇವರ ಕ್ರಮದಲ್ಲಿ ನನಗೆ ತುಂಬ ಹಿಡಿಸಿದ್ದು ಮನೆ ಭೇಟಿ. ಅರ್ಜಿ ಹಾಕಿದ ಹುಡುಗಿಯ ಮನೆಗೆ ಕಾರ್ಯಕರ್ತರು ತಾವೇ ಹೋಗುತ್ತಾರೆ. ಆದಾಯ ಪತ್ರದಲ್ಲಿ ಇಷ್ಟು ಸಾವಿರ ಎಂಬ ಅಂಕಿಯಷ್ಟೇ ಇರುತ್ತದೆ. ಮಾಡಿಗೆ ಹೊದಿಸಿದ ಟಾರ್ಪಾಲು, ಹಾಸಿಗೆ ಹಿಡಿದ ಅಪ್ಪ, ಬೀಡಿ ಕಟ್ಟುವ ಅಮ್ಮ, ಪುಸ್ತಕ ಇಡಲು ಒಣ ಜಾಗವಿಲ್ಲದ ಕೋಣೆ ಅದರಲ್ಲಿ ಇರುವುದಿಲ್ಲ. ಹಾಗೆ ಹೋಗಿ ಕಣ್ಣಾರೆ ಕಂಡದ್ದರಿಂದಲೇ ಈ ಸಂಸ್ಥೆ ಫೀಸಿನ ಹಣಕ್ಕೆ ನಿಲ್ಲದೆ, ದಾನಿಗಳನ್ನು ಹುಡುಕಿ ವಿದ್ಯಾರ್ಥಿಗಳಿಗೆ ಮನೆಗಳನ್ನೂ ಕಟ್ಟಿಸಿಕೊಟ್ಟಿತು. ಊರಿನ ಸಂಸ್ಥೆ ಆದದ್ದರಿಂದ ಆ ಮನೆಯವರೆಗೆ ನಡೆದು ಹೋಗಲು ಸಾಧ್ಯವಾಯಿತು. ಉತ್ತರ ಕರ್ನಾಟಕದ ಮಕ್ಕಳಿಗೆ ಧಾರವಾಡದಲ್ಲಿ ಇಂಥದೇ ಹೆಸರಿನ ಬೇರೊಂದು ಸಂಸ್ಥೆಯಿದೆ, ‘ವಿದ್ಯಾ ಪೋಷಕ್’. 2001ರಿಂದ ಬಡ ಮಕ್ಕಳ ಮುಂದಿನ ಓದಿಗೆ ಅದು ನೆರವಾಗುತ್ತಿದೆ.

ಇಂಥ ಸಂಸ್ಥೆ ಇಲ್ಲದ ಊರಲ್ಲಿ ಏನು ಮಾಡುವುದು? ಕೇಳಬೇಕಾದ ಬಾಗಿಲುಗಳು ಅಲ್ಲೂ ಇವೆ, ಕೆಲವು ಬಾಗಿಲುಗಳಿಗೆ ಫಲಕ ಹಾಕಿರುವುದಿಲ್ಲ ಅಷ್ಟೆ. ಪುರಸಭೆ, ಪಟ್ಟಣ ಪಂಚಾಯಿತಿಗಳನ್ನೇ ನೋಡಿ. ಅವು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ಎಂದು ತೆಗೆದಿಡುತ್ತವೆ. ವಿದ್ಯಾರ್ಥಿಗಳ ಶುಲ್ಕ, ಲ್ಯಾಪ್‌ಟಾಪ್‌ಗೆ ಆ ಹಣದಲ್ಲಿ ನೆರವು ಕೊಡುತ್ತಾರೆ. ಪಟ್ಟಣದಲ್ಲೇ ಹುಟ್ಟಿ ಬೆಳೆದ ಹುಡುಗರಿಗೂ ಇದು ಗೊತ್ತಿರುವುದಿಲ್ಲ. ಅಪ್ಪ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ವರ್ಷಕ್ಕೊಮ್ಮೆ ಅವರ ಸಂಬಳದಲ್ಲಿ ಕಾರ್ಮಿಕ ಕಲ್ಯಾಣ ಮಂಡಳಿಗೆಂದು ಹಣ ಕಡಿತವಾಗುತ್ತದೆ. ಆ ಮಂಡಳಿ ಕಾರ್ಮಿಕರ ಮಕ್ಕಳ ಓದಿಗೆ ಧನಸಹಾಯ ಕೊಡುತ್ತದೆ. ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಬೇರೆಯದೇ ಮಂಡಳಿ, ಬೇರೆಯದೇ ಕಾರ್ಡು. ಅಮ್ಮ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದರೆ ‘ಸುಜ್ಞಾನನಿಧಿ’ಯ ಬಗ್ಗೆ ಸೇವಾಪ್ರತಿನಿಧಿಯನ್ನು ಕೇಳಬೇಕು. ಸದಸ್ಯರ ಮಕ್ಕಳು ವೃತ್ತಿಪರ ಕೋರ್ಸು ಓದುತ್ತಿದ್ದರೆ ಅದರಿಂದ ತಿಂಗಳು ತಿಂಗಳೂ ಶಿಷ್ಯವೇತನ ಬರುತ್ತದೆ.

ಸರ್ಕಾರದ ದೊಡ್ಡ ಬಾಗಿಲು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಹಣ ಕೊಡುವ ವಿದ್ಯಾಸಿರಿಗೆ ಅರ್ಜಿ ಹಾಕುವುದು ಅಲ್ಲೇ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಎಂದು ಗೊತ್ತುಮಾಡಿದ್ದರು. ಎಂಜಿನಿಯರಿಂಗ್, ವೈದ್ಯಕೀಯಕ್ಕೆ ಅದು 10,000 ಮತ್ತು 11,000. ಇದಕ್ಕೆ ಅಪ್ಪನ ಎಫ್‌ಐಡಿ, ಅಂದರೆ ರೈತನ ಗುರುತಿನ ನಂಬರು ಬೇಕಿತ್ತು. ಪಹಣಿ ಅಜ್ಜನ ಹೆಸರಿನಲ್ಲೇ ಉಳಿದು ಖಾತೆ ಬದಲಾಗದ ಮನೆಗಳ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಿದ್ದರು. ಯೋಜನೆಗಳ ಮೊತ್ತ, ನಿಯಮ ಬದಲಾಗುತ್ತಲೇ ಇರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿ, ಸರ್ಕಾರಿ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ಪದವಿ ಸೇರುವ ಹುಡುಗಿಯರು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವನ್ನು ಮರೆಯಬಾರದು.

ಕಾಲೇಜೇ ಬೇಡ, ಬೇಗ ಕೈಕೆಲಸ ಕಲಿಯಬೇಕು ಎನ್ನುವವರನ್ನು ನಾವು ಓದು ಬಿಟ್ಟವರ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಅದು ತಪ್ಪು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿ, ಊಟ, ವಸತಿ ಮೂರೂ ಉಚಿತ. ಮೋಟಾರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೊಲಿಗೆಯಂಥ ಕೆಲಸ ಕಲಿಸಿ, ಅಂಗಡಿ ಹಾಕಲು ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಇದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿ ಕೇಂದ್ರಗಳು ಬಂದಿವೆ. ಇದನ್ನು ಯಾರೂ ವಿದ್ಯಾರ್ಥಿವೇತನ ಎಂದು ಕರೆಯುವುದಿಲ್ಲ. ಆದರೆ ಕೈಯಿಂದ ಒಂದು ಪೈಸೆ ಹಾಕದೆ ಕಸುಬು ಕಲಿತು ಬರುವ ಹುಡುಗನ ಮಟ್ಟಿಗೆ ಇದು ಪೂರ್ತಿ ಶುಲ್ಕದ ವಿದ್ಯಾರ್ಥಿವೇತನವೇ.

ಕಳೆದ ವರ್ಷ ನಮ್ಮ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಬ್ಬ ಹುಡುಗಿಯನ್ನು ಕಂಡೆ. ಜೊತೆಗೆ ಅವಳಪ್ಪ, ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಕವರು, ಕವರಿನೊಳಗೆ ದಾಖಲೆಗಳು. ಅಂಕಪಟ್ಟಿಯಲ್ಲಿ ಅವಳ ಇನಿಷಿಯಲ್ ಹೆಸರಿನ ನಂತರ ಇತ್ತು, ಆಧಾರ್ ಕಾರ್ಡಿನಲ್ಲಿ ಹೆಸರಿನ ಮೊದಲು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ, “ಮ್ಯಾಚ್ ಆಗ್ತಿಲ್ಲ ಯಜಮಾನ್ರೇ, ಆಧಾರ್ ತಿದ್ದಿಸ್ಕೊಂಡು ಬನ್ನಿ” ಅಂದ. ಅವರು ಮಗಳ ಮುಖ ನೋಡಿದರು. ಅವತ್ತಿನ ಕೂಲಿ ಆಗಲೇ ಹೋಗಿತ್ತು, ಇನ್ನೊಂದು ದಿನದ ಕೂಲಿಯೂ ಹೋಗಬೇಕಿತ್ತು. ಒಂದು ಅಕ್ಷರ ಎಲ್ಲಿ ಕೂತಿದೆ ಎಂಬುದು ಒಂದು ವರ್ಷದ ಓದನ್ನು ತಡೆದು ನಿಲ್ಲಿಸಬಲ್ಲದು ಎಂದು ಆ ಹುಡುಗಿಗೆ ಹತ್ತನೆಯ ತರಗತಿಯಲ್ಲೇ ಯಾರಾದರೂ ಹೇಳಬೇಕಿತ್ತು.

ಆದ್ದರಿಂದ ಮನೆಯಲ್ಲಿ ಪಿಯುಸಿ ಅಥವಾ ಐಟಿಐ ಸೇರುವ ಮಕ್ಕಳಿದ್ದರೆ ಪ್ರಕಟಣೆ ಬರಲೆಂದು ಕಾಯಬೇಡಿ. ಏಪ್ರಿಲ್, ಮೇನಲ್ಲೇ ಒಂದು ಫೈಲ್ ಮಾಡಿ. ನಾಡಕಚೇರಿಯಿಂದ ಜಾತಿ, ಆದಾಯ ಪತ್ರ ತಂದು ಅದರ ಮೇಲಿರುವ ಆರ್‌ಡಿ ನಂಬರನ್ನು ಬೇರೆ ಕಡೆಯೂ ಬರೆದಿಡಿ. ಆದಾಯ ಪತ್ರಕ್ಕೆ ಐದು ವರ್ಷದ ಅವಧಿ, ಅದು ಎಂದು ಮುಗಿಯುತ್ತದೆ ನೋಡಿ. ಮಗುವಿನ ಹೆಸರಿನ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಬನ್ನಿ. ಮಂಜೂರಾದ ಹಣ ಖಾತೆಗೆ ಬಾರದೆ ನಿಲ್ಲುವುದಕ್ಕೆ ಇದು ದೊಡ್ಡ ಕಾರಣ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಅಧಿಸೂಚನೆ ಬಂದ ಮೇಲೆ ಈ ಓಡಾಟ ಶುರುಮಾಡಿದವರಿಗೆ ದಿನ ಸಾಲುವುದಿಲ್ಲ. ವಿದ್ಯಾರ್ಥಿವೇತನ ಕೊಡುತ್ತೇವೆಂದು ಮೊದಲೇ ಅರ್ಜಿಗೆ ಹಣ ಕೇಳುವವರು ಎದುರಾದರೆ ಅಲ್ಲಿಂದ ಎದ್ದುಬನ್ನಿ. ಮಕ್ಕಳ ಓದಿಗೆ ನೆರವಾಗಲು ನಿಜವಾಗಿ ಹೊರಟ ಸಂಸ್ಥೆ ಮಕ್ಕಳಿಂದಲೇ ಹಣ ಕೇಳುವುದಿಲ್ಲ.

ಕಾಲೇಜು ಸೇರಿದ ಮೇಲೆ ಒಮ್ಮೆ ಕಚೇರಿಗೆ ಹೋಗಿ, “ಸರ್, ನಮ್ಮ ಕಾಲೇಜಿನಲ್ಲಿ ಯಾವ ಯಾವ ದತ್ತಿನಿಧಿ ಇವೆ?” ಎಂದು ಕೇಳಲು ಮಕ್ಕಳಿಗೆ ಹೇಳಿಕೊಡಿ. ಹಳೆಯ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಬ್ಯಾಂಕಿನಲ್ಲಿ ಇಟ್ಟುಹೋದ ಠೇವಣಿಗಳಿರುತ್ತವೆ. ಅವುಗಳ ಬಡ್ಡಿ ಪ್ರತಿವರ್ಷ ಯಾರಿಗಾದರೂ ಸೇರಲೇಬೇಕು. ಕನ್ನಡದಲ್ಲಿ ಹೆಚ್ಚು ಅಂಕ ಪಡೆದವರಿಗೆ, ತಂದೆಯಿಲ್ಲದ ಹುಡುಗಿಗೆ, ಇಂಥ ಹಳ್ಳಿಯಿಂದ ಬಂದವರಿಗೆ ಎಂದು ಒಂದೊಂದಕ್ಕೂ ಒಂದೊಂದು ಷರತ್ತು. ಮೊತ್ತ ಎರಡು ಸಾವಿರವೋ ಐದು ಸಾವಿರವೋ ಇರಬಹುದು. ಆದರೆ ರಾಜ್ಯಮಟ್ಟದ ಒಂದು ವಿದ್ಯಾರ್ಥಿವೇತನಕ್ಕೆ ಸಾವಿರಾರು ಮಕ್ಕಳು ಅರ್ಜಿ ಹಾಕಿದರೆ ಇಂಥದ್ದಕ್ಕೆ ಬರುವ ಅರ್ಜಿಗಳು ಬೆರಳೆಣಿಕೆಯಷ್ಟು. ಅಂಥ ಎರಡು ಸಿಕ್ಕರೆ ಸರ್ಕಾರಿ ಕಾಲೇಜಿನ ಒಂದು ವರ್ಷದ ಖರ್ಚಿನ ಭಾರ ಅಷ್ಟರಮಟ್ಟಿಗೆ ಇಳಿಯಿತು.

ಪತ್ರಿಕೆ ಓದುವ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ವಾರ ಜಿಲ್ಲಾ ಪುಟದ ಮೂಲೆಯಲ್ಲಿ ‘ಅರ್ಜಿ ಆಹ್ವಾನ’ ಕಂಡರೆ ದಾಟಿ ಹೋಗಬೇಡಿ. ಫೋನಿನಲ್ಲಿ ಅದರ ಚಿತ್ರ ತೆಗೆದು ನಿಮ್ಮೂರಿನ ಹೈಸ್ಕೂಲು ಮೇಷ್ಟ್ರಿಗೆ, ಡೇರಿ ಕಾರ್ಯದರ್ಶಿಗೆ, ಮನೆಗೆಲಸಕ್ಕೆ ಬರುವ ಅಕ್ಕನ ಮಗಳಿಗೆ ಕಳಿಸಿ. ಕೊನೆಯ ದಿನ ಯಾವುದೆಂದು ಬಾಯಲ್ಲೂ ಹೇಳಿ.